ಜೌಗು ನೆಲದಿಂದ ತಂದ ಬಾಲ್ಡ್ ಸೈಪ್ರೆಸ್: ಸವರಿ, ತಂತಿ ಸುತ್ತಿ ಬೋನ್ಸಾಯ್ ರೂಪಕ್ಕೆ ತರುವ ಕ್ರಮ

ಬೋನ್ಸಾಯ್‌ಗಾಗಿ ನೆಲದಿಂದ ಎತ್ತಿ ತರುವ ಮರಗಳಲ್ಲಿ ಬಾಲ್ಡ್ ಸೈಪ್ರೆಸ್‌ನಷ್ಟು ಪೆಟ್ಟು ತಾಳಿಕೊಳ್ಳುವ ಮರ ಅಪರೂಪ. ಬೇರುಗಳನ್ನೆಲ್ಲ ಮೊಟಕುಗೊಳಿಸಿ, ಕಾಂಡವನ್ನು ಗರಗಸದಿಂದ ಕೊಯ್ದು, ಒಂದೂ ರೆಂಬೆಯಿಲ್ಲದ ತುಂಡನ್ನು ತೊಟ್ಟಿಯಲ್ಲಿ ನೆಟ್ಟರೂ ಅದು ಬೋಳು ಕಾಂಡದ ಉದ್ದಕ್ಕೂ ಚಿಗುರೊಡೆಯುತ್ತದೆ. ಈ ಗುಣವೇ ಹೊಸಬರನ್ನು ಅವಸರಕ್ಕೆ ಎಳೆಯುತ್ತದೆ. ಚಿಗುರು ಕಂಡ ಕೂಡಲೇ ಕತ್ತರಿ ಹಿಡಿದು ಆಕಾರ ಕೊಡಲು ಹೊರಟರೆ, ದಪ್ಪ ಕಾಂಡಕ್ಕೂ ಅದರ ಮೇಲಿನ ಸಣಕಲು ರೆಂಬೆಗಳಿಗೂ ಹೊಂದಿಕೆಯೇ ಇಲ್ಲದ ಮರವೊಂದು ವರ್ಷಾನುಗಟ್ಟಲೆ ಹಾಗೆಯೇ ಉಳಿದುಬಿಡುತ್ತದೆ. ಕಾಂಡದ ಬುಡವನ್ನು ಜೌಗು ನೆಲವೇ ರೂಪಿಸಿ ಕೊಟ್ಟಿರುತ್ತದೆ. ಕೊಯ್ದ ಜಾಗದಿಂದ ಮೇಲಿರುವುದನ್ನೆಲ್ಲ ನಾವು ಹೊಸದಾಗಿ ಬೆಳೆಸಬೇಕು. ಮೊದಲು ಬೆಳೆಯಲು ಬಿಟ್ಟು ದಪ್ಪ ಬರಿಸಿಕೊಳ್ಳುವುದು, ಆಮೇಲೆ ಕತ್ತರಿಸುವುದು, ಮತ್ತೆ ಬೆಳೆಯಲು ಬಿಡುವುದು: ಮುಂದೆ ಹೇಳುವ ಪ್ರತಿಯೊಂದು ಹಂತವೂ ಈ ಕ್ರಮದ ಮೇಲೆಯೇ ನಿಂತಿದೆ.

ಮರದ ಸ್ವಭಾವ

ಟ್ಯಾಕ್ಸೋಡಿಯಮ್ ಡಿಸ್ಟಿಕಮ್ ಎಂಬ ಶಾಸ್ತ್ರೀಯ ಹೆಸರಿನ ಈ ಮರ ಅಮೆರಿಕದ ಆಗ್ನೇಯ ರಾಜ್ಯಗಳ ಜೌಗು ಪ್ರದೇಶಗಳದು ಮತ್ತು ನದಿದಡಗಳದು. 1963ರಿಂದ ಅದು ಲೂಸಿಯಾನಾದ ರಾಜ್ಯವೃಕ್ಷವಾಗಿದೆ. ಶಂಕುಧಾರಿ ಮರವಾದರೂ ಶರತ್ಕಾಲದಲ್ಲಿ ಎಲೆಗಳು ಕಂದುಗೆಂಪಾಗಿ ಉದುರಿ ಚಳಿಗಾಲವಿಡೀ ಬೋಳಾಗಿ ನಿಲ್ಲುತ್ತದೆ. ಎಳೆಯ ಮರ ಚೂಪು ತುದಿಯ ಗೋಪುರದಂತೆ ನೇರವಾಗಿ ಬೆಳೆಯುತ್ತದೆ. ಬಹಳ ವಯಸ್ಸಾದ ಮರದ ತುದಿ ತನ್ನ ಓಟವನ್ನು ನಿಲ್ಲಿಸಿ, ನೆತ್ತಿ ಅಗಲವಾಗಿ ಚಪ್ಪಟೆಯಾಗುತ್ತದೆ. ಉತ್ತರ ಕೆರೊಲಿನಾದ ಬ್ಲ್ಯಾಕ್ ನದಿಯ ಜೌಗಿನಲ್ಲಿರುವ ಒಂದು ಬಾಲ್ಡ್ ಸೈಪ್ರೆಸ್‌ಗೆ ಕನಿಷ್ಠ 2,624 ವರ್ಷ ವಯಸ್ಸಾಗಿದೆ ಎಂದು ವಾರ್ಷಿಕ ಉಂಗುರಗಳ ಆಧಾರದ ಮೇಲೆ 2019ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಇಷ್ಟು ದೀರ್ಘಾಯುಷ್ಯದ ಮರಕ್ಕೆ ಎಳೆಯ ರೂಪವೂ ಮುಪ್ಪಿನ ರೂಪವೂ ಬೇರೆಬೇರೆಯಾಗಿರುವುದರಿಂದ, ಯಾವ ವಯಸ್ಸಿನ ಮರವನ್ನು ಕುಂಡದಲ್ಲಿ ತೋರಿಸಬೇಕೆಂಬುದನ್ನು ಮೊದಲ ವರ್ಷದಲ್ಲೇ ನಿರ್ಧರಿಸಬೇಕಾಗುತ್ತದೆ. ಕಾಂಡವನ್ನು ಎಲ್ಲಿ ಕೊಯ್ಯಬೇಕೆಂಬ ಪ್ರಶ್ನೆಗೂ ಉತ್ತರ ಅಲ್ಲಿಂದಲೇ ಬರುತ್ತದೆ.

ಇನ್ನೆರಡು ಗುಣಗಳು ಸದಾ ನೆನಪಿನಲ್ಲಿರಬೇಕು. ಮೊದಲನೆಯದು, ಈ ಮರದ ಶಕ್ತಿಯೆಲ್ಲ ನೆತ್ತಿಗೆ ಹರಿಯುತ್ತದೆ. ಮೇಲಿನ ಚಿಗುರುಗಳನ್ನು ಸುಮ್ಮನೆ ಬಿಟ್ಟರೆ ಕೆಳಗಿನ ರೆಂಬೆಗಳು ಸೊರಗಿ ಒಣಗುತ್ತವೆ. ಎರಡನೆಯದು, ಯಾವ ರೆಂಬೆಯನ್ನು ಎಷ್ಟು ಸಲ ಬಗ್ಗಿಸಿದರೂ ಅದು ಮತ್ತೆ ಮೇಲಕ್ಕೇಳಲು ನೋಡುತ್ತದೆ.

ಎತ್ತುವುದು ಮತ್ತು ಕೊಯ್ಯುವುದು

ಮರವನ್ನು ಎತ್ತಲು ತಕ್ಕ ಕಾಲವೆಂದರೆ ಚಳಿಗಾಲದ ಕೊನೆ, ಅಂದರೆ ಚಿಗುರುಕಣ್ಣುಗಳು ಇನ್ನೂ ಉಬ್ಬದೆ ಇರುವ ದಿನಗಳು. ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಒಂದು ಸಸಿಯನ್ನೂ ಕೀಳಬಾರದು. ಸಂರಕ್ಷಿತ ಪ್ರದೇಶಗಳ ಮರಗಳನ್ನು ಮುಟ್ಟುವ ಮಾತೇ ಇಲ್ಲ. ಬುಡದ ಸುತ್ತ ಗರಗಸವಾಡಿಸಿ, ಕಾಂಡದಿಂದ ಒಂದು ಗೇಣಿನಷ್ಟು ದೂರದಲ್ಲಿ ಬೇರುಗಳನ್ನು ಕಡಿದು, ತಾಯಿಬೇರನ್ನು ಅಡಿಯಿಂದ ಬಿಡಿಸಿ ಎತ್ತಿ ತಂದ ಮೇಲೆ, ಕೆಸರನ್ನೆಲ್ಲ ನೀರಿನಿಂದ ತೊಳೆದು ಬುಡವನ್ನು ಚೆನ್ನಾಗಿ ನೋಡಬೇಕು. ಬುಡದ ಏಣುಗಳು, ಅಂದರೆ ಬುಡದ ಸುತ್ತ ಹೊರಕ್ಕೆ ಉಬ್ಬಿದ ಉದ್ದನೆಯ ದಿಣ್ಣೆಗಳು, ಎಲ್ಲಿ ಬೇರಾಗಿ ಕವಲೊಡೆಯುತ್ತವೆ ಎಂಬುದು ಆಗ ಸ್ಪಷ್ಟವಾಗಿ ಕಾಣುತ್ತದೆ. ಅಡಿಯನ್ನು ಮಟ್ಟವಾಗಿ ಕೊಯ್ದು, ಸುತ್ತಲಿನ ಬೇರುಗಳನ್ನು ಮುಂದೊಂದು ದಿನ ಆಳವಿಲ್ಲದ ಕುಂಡದಲ್ಲಿ ಹಿಡಿಸುವಷ್ಟು ಗಿಡ್ಡಗೊಳಿಸಬೇಕು. ಈ ಕೆಲಸಕ್ಕೆ ಅಂಜಿ ಬೇರನ್ನು ಉದ್ದವಾಗಿ ಬಿಟ್ಟವರು ಕೆಲವೇ ವರ್ಷಗಳಲ್ಲಿ ಅದೇ ಬೇರನ್ನು ಮತ್ತೆ ಕೊಯ್ಯಬೇಕಾಗುತ್ತದೆ, ಅಷ್ಟು ವರ್ಷ ಬೆಳೆದ ಹೀರುಬೇರುಗಳನ್ನೂ ಆಗ ಕಳೆದುಕೊಳ್ಳುತ್ತಾರೆ. ಹೊಸದಾಗಿ ತಂದ ಮರದಲ್ಲಿ ಹೀರುಬೇರು ಅತ್ಯಲ್ಪ ಉಳಿದಿದ್ದರೂ ಆತಂಕ ಬೇಡ. ದಪ್ಪ ಬೇರಿನ ಕೊಯ್ದ ಅಂಚಿನಿಂದಲೇ ಹೊಸ ಬೇರುಗಳು ಹೊರಡುತ್ತವೆ.

ಕಾಂಡದ ಎತ್ತರವನ್ನು ಅಂದಾಜಿನಿಂದ ನಿರ್ಧರಿಸಬಾರದು. ಬುಡದ ಏಣುಗಳು ಮುಗಿದು ಕಾಂಡ ಒಂದು ಹದಕ್ಕೆ ಬರುವ ಜಾಗದಲ್ಲಿ, ಸುಮಾರಾಗಿ ಮಣ್ಣಿನಿಂದ ಹತ್ತು ಸೆಂಟಿಮೀಟರ್ ಮೇಲೆ, ಅಡ್ಡಳತೆ ತೆಗೆದುಕೊಳ್ಳಬೇಕು. ಅಲ್ಲಿ 10 ಸೆಂ.ಮೀ. ದಪ್ಪವಿರುವ ಮರವನ್ನು ನೇರ ಗೋಪುರದ ರೂಪಕ್ಕೆ ತರುವುದಾದರೆ 55ರಿಂದ 60 ಸೆಂ.ಮೀ. ಎತ್ತರದಲ್ಲಿ ಕೊಯ್ಯಬಹುದು, ಅದರ ಮೇಲೆ ಹೊಸ ತುದಿ ಬೆಳೆದು ಪೂರ್ಣಗೊಂಡಾಗ ಮರ 80ರಿಂದ 90 ಸೆಂ.ಮೀ. ಆಗುತ್ತದೆ. ಎತ್ತರವು ಬುಡದ ದಪ್ಪದ ಆರು ಪಟ್ಟಿರಬೇಕೆಂಬ ಬೋನ್ಸಾಯ್ ರೂಢಿಯನ್ನು ಈ ಮರಕ್ಕೆ ಅಕ್ಷರಶಃ ಅನ್ವಯಿಸಿದರೆ ಅದು ಕುಳ್ಳಾಗಿ, ತನ್ನ ಜಾತಿಯ ಗಾಂಭೀರ್ಯವನ್ನೇ ಕಳೆದುಕೊಂಡು ಕಾಣುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಂಟು, ಒಂಬತ್ತು, ಹತ್ತು ಪಟ್ಟು ಎತ್ತರ ಇದಕ್ಕೆ ಒಪ್ಪುತ್ತದೆ. ಮೊದಲ ಕೊಯ್ತವನ್ನು ಅಡ್ಡಡ್ಡವಾಗಿ, ಬೇಕಾದ ಎತ್ತರಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೇಲೆಯೇ ಮಾಡಿ, ಗಾಯಕ್ಕೆ ಲೇಪ ಹಚ್ಚಬೇಕು. ಓರೆ ಕೊಯ್ತಕ್ಕೆ ಇನ್ನೂ ಕಾಲವಿದೆ.

ನೆಡುವ ತೊಟ್ಟಿ ಬುಡಕ್ಕಿಂತ ಸ್ವಲ್ಪವೇ ದೊಡ್ಡದಾಗಿದ್ದು, ತಳದಲ್ಲಿ ರಂಧ್ರಗಳಿರಬೇಕು. ಪ್ಯೂಮಿಸ್ ಅಥವಾ ಅಂಥದೇ ಹಗುರ ಕಲ್ಲಿನ ಹರಳಿಗೆ ಪೈನ್ ತೊಗಟೆಯ ಚೂರು ಬೆರೆಸಿದ ಮಿಶ್ರಣ ಸಾಕು. ಬುಡ ಅಲುಗಾಡಿದರೆ ಎಳೆಯ ಬೇರುಗಳು ಮುರಿಯುತ್ತವೆ, ಆದ್ದರಿಂದ ತಂತಿಯಿಂದ ಬಿಗಿಯಾಗಿ ಕಟ್ಟಬೇಕು.

ಮೊದಲ ಬೇಸಿಗೆ: ತಡೆದುಕೊಳ್ಳುವ ಕಾಲ

ನೆಟ್ಟ ಕೆಲವು ವಾರಗಳಲ್ಲಿ ಕಾಂಡದ ತೊಗಟೆಯನ್ನು ಸೀಳಿಕೊಂಡು ಹಸಿರು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಬೇರು ಬಿಟ್ಟಿರುವುದಕ್ಕೆ ಇವು ಸಾಕ್ಷಿಯಲ್ಲ. ಕಾಂಡದಲ್ಲಿ ಕೂಡಿಟ್ಟ ಆಹಾರದ ಬಲದಿಂದಲೇ ಮೊದಲ ಸುತ್ತಿನ ಚಿಗುರು ಬರುತ್ತದೆ. ಬೇರಿಲ್ಲದ ಮರವೂ ಇಷ್ಟನ್ನು ಮಾಡಬಲ್ಲದು. ಚಿಗುರುಗಳು ಒಂದು ಬೆರಳುದ್ದಕ್ಕೆ ಬಂದು ಸ್ವಲ್ಪ ಕಾಲ ನಿಂತು, ಆಮೇಲೆ ಮತ್ತೆ ಚುರುಕಾಗಿ ಉದ್ದವಾಗತೊಡಗಿದರೆ ಕೆಳಗೆ ಬೇರು ಕೂಡಿದೆ ಎಂದು ನಂಬಬಹುದು. ಗೊಬ್ಬರ ಕೊಡುವುದು ಅಲ್ಲಿಂದ ಮುಂದೆಯೇ.

ಚಿಗುರುಗಳು ಹತ್ತು ಹದಿನೈದು ಸೆಂಟಿಮೀಟರ್ ಆಗುವವರೆಗೆ ಯಾವುದನ್ನೂ ಮುಟ್ಟದಿರುವುದು ಒಳ್ಳೆಯದು. ಆಮೇಲೆ ಒಂದೇ ಜಾಗದಲ್ಲಿ ಗುಂಪಾಗಿ ಬಂದವುಗಳನ್ನು ಒಂದೆರಡಕ್ಕೆ ಇಳಿಸಬೇಕು, ಇಲ್ಲವಾದರೆ ಆ ಭಾಗದ ಕಾಂಡ ಊದಿಕೊಂಡು ಮೇಲೆ ದಪ್ಪ, ಕೆಳಗೆ ಸಪೂರ ಎಂಬ ವಿಕಾರ ಹುಟ್ಟುತ್ತದೆ. ಕೊಯ್ದ ತುದಿಯ ಸುತ್ತ ಈ ಗುಂಪು ಅತಿ ಹೆಚ್ಚು. ಅಲ್ಲಿ ಒಂದು ಬಲವಾದ ಚಿಗುರನ್ನು ಮುಂದಿನ ತುದಿಯೆಂದು ಆರಿಸಿ, ಅದಕ್ಕೆ ಏನಾದರೂ ಆದರೆ ಇರಲೆಂದು ಇನ್ನೊಂದನ್ನು ಉಳಿಸಿಕೊಂಡು, ಮಿಕ್ಕವನ್ನು ಹೆಬ್ಬೆರಳಿನಿಂದ ಒರೆಸಿ ತೆಗೆಯಬೇಕು. ಬುಡದ ಏಣುಗಳಿಂದ ಹೊರಟ ಚಿಗುರುಗಳೂ ಬೇಡ. ಕಾಂಡದ ನಡುಭಾಗದಲ್ಲಿ ಮುಂದೆ ರೆಂಬೆಯಾಗಬಹುದಾದವನ್ನು ಬೇಕಾದುದಕ್ಕಿಂತ ಹೆಚ್ಚಾಗಿಯೇ ಉಳಿಸಿಕೊಳ್ಳಬೇಕು, ಏಕೆಂದರೆ ಅವುಗಳಲ್ಲಿ ಕೆಲವು ಚಳಿಗಾಲದಲ್ಲಿ ತಾವಾಗಿಯೇ ಸಾಯುತ್ತವೆ.

ತುದಿಯನ್ನು ಕಟ್ಟುವುದು

ಎತ್ತಿ ತಂದ ಸೈಪ್ರೆಸ್‌ನ ಭವಿಷ್ಯವೆಲ್ಲ ಕೊಯ್ದ ಕಾಂಡದಿಂದ ಹೊಸ ತುದಿಗೆ ದಪ್ಪ ಹೇಗೆ ಇಳಿಯುತ್ತದೆ ಎಂಬುದರಲ್ಲಿದೆ. ರೆಂಬೆ ತಪ್ಪಾದರೆ ಇನ್ನೊಂದು ರೆಂಬೆ ಬರುತ್ತದೆ. ಈ ಸಂದು ಕೆಟ್ಟರೆ ಮರ ಎಷ್ಟು ವರ್ಷವಾದರೂ ಕೊಯ್ದ ಮರವಾಗಿಯೇ ಕಾಣುತ್ತದೆ.

ಮೊದಲನೆಯದಾಗಿ, ಆರಿಸಿಕೊಂಡ ಚಿಗುರು ಇನ್ನೂ ಹಸಿರಾಗಿರುವಾಗಲೇ, ಒಂದು ಗೇಣುದ್ದವಾದ ಕೂಡಲೇ, ಬುಡದಿಂದಲೇ ತಂತಿ ಸುತ್ತಿ ಕಾಂಡದ ನೇರಕ್ಕೆ ನಿಲ್ಲಿಸಬೇಕು. ಇಲ್ಲವಾದರೆ ಅದು ಕಾಂಡದಿಂದ ಹೊರಕ್ಕೆ ಬಾಗಿ ಆಮೇಲೆ ಮೇಲಕ್ಕೆ ತಿರುಗುತ್ತದೆ. ಆ ಬಾಗು ಗಟ್ಟಿಯಾದ ಮೇಲೆ ಯಾವ ತಂತಿಗೂ ಬಗ್ಗುವುದಿಲ್ಲ. ಅಲ್ಲಿಂದ ಮುಂದೆ ಅದರ ತುದಿಯನ್ನು ಚಿವುಟದೆ, ಉದ್ದ ಕಡಿಮೆ ಮಾಡದೆ, ಬೆಳೆದಷ್ಟೂ ಬೆಳೆಯಲು ಬಿಡಬೇಕು. ಬೇರು ಚೆನ್ನಾಗಿ ಹಿಡಿದ ಮರದಲ್ಲಿ ಅದು ಒಂದೇ ಬೆಳವಣಿಗೆಯ ಕಾಲದಲ್ಲಿ ಒಂದು ಮೀಟರಿನಷ್ಟು ಹೋಗಬಲ್ಲದು. ನೋಡಲು ಅಸಹ್ಯವಾದರೂ ದಪ್ಪ ಬರುವುದು ಈ ಓಟದಿಂದಲೇ.

ಚಿಗುರು ಚೆನ್ನಾಗಿ ನೆಲೆಗೊಂಡ ಮೇಲಿನ ಚಳಿಗಾಲದ ಕೊನೆಯಲ್ಲಿ ಓರೆ ಕೊಯ್ತ ಮಾಡಬೇಕು. ಹೊಸ ತುದಿಯ ಬುಡಕ್ಕೆ ತಾಗಿದಂತೆ ಮೇಲಿನಿಂದ ಆರಂಭಿಸಿ, ಎದುರು ಬದಿಯಲ್ಲಿ ಕಾಂಡದ ದಪ್ಪದ ಒಂದೂವರೆ ಪಟ್ಟಿನಷ್ಟು ಕೆಳಗೆ ಮುಗಿಯುವಂತೆ ಗರಗಸವನ್ನು ಹಾಯಿಸಬೇಕು. ಇಳಿಜಾರು ಚಿಕ್ಕದಾದರೆ ದಪ್ಪದ ಇಳಿತ ಥಟ್ಟನೆ ಆಗಿ ಕಣ್ಣಿಗೆ ಚುಚ್ಚುತ್ತದೆ. ಇಳಿಜಾರು ಮರದ ಹಿಂಬದಿಗೆ ಅಥವಾ ಹಿಂಬದಿಯ ಒಂದು ಪಕ್ಕಕ್ಕೆ ಬಂದರೆ, ಮುಂದಿನಿಂದ ನೋಡುವವರಿಗೆ ಕಾಂಡದ ಗೆರೆ ಕಡಿಯದೆ ತುದಿಯವರೆಗೆ ಸಾಗುತ್ತದೆ. ಆದ್ದರಿಂದಲೇ ತುದಿಯಾಗುವ ಚಿಗುರನ್ನು ಆರಿಸುವಾಗ ಮುಂಭಾಗದ ಅಂಚಿಗೆ ಹತ್ತಿರವಿರುವುದಕ್ಕೆ ಆದ್ಯತೆ ಕೊಡಬೇಕು. ಗರಗಸದ ಒರಟು ಅಂಚನ್ನು ಹರಿತವಾದ ಚಾಕುವಿನಿಂದ ನಯಗೊಳಿಸಿ, ನಡುವಿನ ಮರವನ್ನು ಉಳಿಯಿಂದ ಸ್ವಲ್ಪವೇ ಒಳಕ್ಕೆ ತೋಡಿ, ಅಂಚಿಗೆ ಲೇಪ ಹಚ್ಚಬೇಕು. ಹೀಗೆ ತೋಡಿದ ಗಾಯದ ಮೇಲೆ ಹೊಸ ತೊಗಟೆ ಸುತ್ತಲಿಂದ ಉರುಳಿ ಬಂದಾಗ ಅದು ಕಾಂಡದ ಮಟ್ಟಕ್ಕೇ ಕೂಡಿಕೊಳ್ಳುತ್ತದೆ. ತೋಡದೆ ಬಿಟ್ಟರೆ ಉಬ್ಬು ಗಂಟಾಗಿ ನಿಲ್ಲುತ್ತದೆ. ಹೊಸ ತುದಿಯ ಬುಡದ ಕೆಳಗಿರುವ ತೊಗಟೆಗೆ ಮಾತ್ರ ಚಾಕು ತಾಗಕೂಡದು, ಏಕೆಂದರೆ ಅದರ ಜೀವ ಆ ಪಟ್ಟಿಯಲ್ಲಿದೆ.

ಮುಂದಿನ ಕತ್ತರಿ ಯಾವಾಗ ಎಂಬುದನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬಾರದು, ದಪ್ಪ ಅಳೆದು ನಿರ್ಧರಿಸಬೇಕು. ಹೊಸ ತುದಿಯ ಬುಡವು ಕೊಯ್ದ ಜಾಗದ ಕಾಂಡದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದಪ್ಪವಾಗುವವರೆಗೆ ಅದನ್ನು ಕಡಿಯಬಾರದು. ಇದಕ್ಕೆ ಎರಡು ವರ್ಷ ಹಿಡಿಯಬಹುದು, ನಾಲ್ಕೂ ಹಿಡಿಯಬಹುದು. ಆ ಹದ ಬಂದಾಗ ಚಳಿಗಾಲದ ಕೊನೆಯಲ್ಲಿ ಅದನ್ನು ಒಂದು ಚಿಗುರುಕಣ್ಣಿನ ಮೇಲೆ ಗಿಡ್ಡಕ್ಕೆ ಕತ್ತರಿಸಿ, ಆ ಕಣ್ಣಿನಿಂದ ಬರುವುದನ್ನು ಮತ್ತೆ ಓಡಲು ಬಿಡಬೇಕು. ಪ್ರತಿ ಸಲವೂ ಹಿಂದಿನ ತುಂಡಿಗಿಂತ ಮುಂದಿನ ತುಂಡು ಚಿಕ್ಕದಾಗಿದ್ದು, ಬೆಳವಣಿಗೆಯ ದಿಕ್ಕು ಒಮ್ಮೆ ಹಿಂದಕ್ಕೆ, ಒಮ್ಮೆ ಪಕ್ಕಕ್ಕೆ ತುಸುವೇ ಬದಲಾಗುತ್ತ ಹೋದರೆ ತುದಿ ಸಹಜವಾಗಿ ಸಣ್ಣಗಾಗುತ್ತದೆ. ಇಂಥ ಮೂರು ಸುತ್ತುಗಳಾದ ಮೇಲೆ ಕೊಯ್ದ ಜಾಗವನ್ನು ಹುಡುಕಿ ನೋಡಬೇಕಾಗುತ್ತದೆ.

ರೆಂಬೆಗಳ ಆಯ್ಕೆ

ನೇರ ಗೋಪುರದ ರೂಪದಲ್ಲಿ ಮೊದಲ ರೆಂಬೆ ಒಟ್ಟು ಎತ್ತರದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರಲಿ. ಅದರ ಕೆಳಗಿನ ಕಾಂಡ ಬರಿದಾಗಿದ್ದರೆ ಬುಡದ ಏಣುಗಳು ಎದ್ದು ಕಾಣುತ್ತವೆ, ಈ ಮರವನ್ನು ಎತ್ತಿ ತಂದುದೇ ಆ ಏಣುಗಳ ಸೊಬಗಿಗಾಗಿ. ಅಲ್ಲಿಂದ ಮೇಲಕ್ಕೆ ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಹಿಂದಕ್ಕೆ ಎಂಬಂತೆ ಸುತ್ತಿಕೊಂಡು ಹೋಗುವಂತೆ, ಅಂತರ ಮೇಲೆ ಹೋದಷ್ಟೂ ಕಡಿಮೆಯಾಗುವಂತೆ ಆರಿಸಬೇಕು. ಒಂದೇ ಎತ್ತರದಲ್ಲಿ ಎದುರುಬದುರಾಗಿ ಬಂದ ಎರಡರಲ್ಲಿ ಒಂದನ್ನು ತೆಗೆಯಲೇಬೇಕು. ನೋಡುವವರ ಕಣ್ಣಿಗೆ ನೇರವಾಗಿ ಚಾಚಿದ ರೆಂಬೆ ಕೆಳಭಾಗದಲ್ಲಿ ಬೇಡ.

ಕೆಳಗಿನ ರೆಂಬೆ ದಪ್ಪವಾಗಿ, ಮೇಲಿನವು ಸಪೂರವಾಗಿ ಇರಬೇಕೆಂಬುದು ನಿಯಮ. ಮರದ ಸ್ವಭಾವ ಇದಕ್ಕೆ ಸರಿಯಾಗಿ ವಿರುದ್ಧ. ಹಾಗಾಗಿ ಕೆಳಗಿನ ಎರಡು ಮೂರು ರೆಂಬೆಗಳನ್ನು ಕತ್ತರಿ ತಾಗಿಸದೆ ಉದ್ದಕ್ಕೆ ಓಡಲು ಬಿಟ್ಟು, ಮೇಲಿನ ಮೂರನೇ ಒಂದು ಭಾಗದಲ್ಲಿರುವವನ್ನು ಮಾತ್ರ ಬೇಸಿಗೆಯಲ್ಲಿ ಪದೇಪದೇ ಗಿಡ್ಡಗೊಳಿಸಬೇಕು. ದಪ್ಪ ಬರಿಸಲು ಓಡಲು ಬಿಟ್ಟಿರುವ ತುದಿಚಿಗುರಿನ ಪಕ್ಕದ ಕವಲುಗಳನ್ನೂ ಆಗಾಗ ತೆಳುಗೊಳಿಸಿದರೆ ಕೆಳಗಿನ ರೆಂಬೆಗಳಿಗೆ ಬಿಸಿಲು ಇಳಿಯುತ್ತದೆ. ಕೆಳಗಿನ ರೆಂಬೆ ತನ್ನ ಜಾಗದ ಕಾಂಡದ ಮೂರನೇ ಒಂದು ಪಾಲಿನಷ್ಟು ದಪ್ಪಕ್ಕೆ ಹತ್ತಿರ ಬಂದ ಮೇಲೆ ಅದನ್ನು ಕಾಂಡದಿಂದ ಕೆಲವೇ ಸೆಂಟಿಮೀಟರ್ ದೂರಕ್ಕೆ ಕಡಿದು, ಅಲ್ಲಿಂದ ಕವಲೊಡೆಸಬೇಕು.

ಯಾವ ಕಡ್ಡಿ ಉಳಿಯುತ್ತದೆ, ಯಾವುದು ಉದುರುತ್ತದೆ

ರೆಂಬೆಯನ್ನು ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ಅದನ್ನು ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಬೇಕು. ಬಾಲ್ಡ್ ಸೈಪ್ರೆಸ್‌ನಲ್ಲಿ ಹಸಿರು ಎರಡು ಬಗೆಯ ಕಡ್ಡಿಗಳ ಮೇಲೆ ಬರುತ್ತದೆ. ಒಂದು, ಎರಡೂ ಬದಿಗೆ ಮೃದುವಾದ ಸಣ್ಣ ಎಲೆಗಳನ್ನು ಸಾಲಾಗಿ ಹೊತ್ತ ಗರಿಯಾಕಾರದ ಕಡ್ಡಿ. ಇದರ ನಡುವಿನ ದಿಂಡು ಕೊನೆಯವರೆಗೂ ಹಸಿರಾಗಿಯೇ ಇರುತ್ತದೆ, ಎಲೆಯ ಕಂಕುಳಲ್ಲಿ ಕಣ್ಣು ಇರುವುದಿಲ್ಲ, ಶರತ್ಕಾಲದಲ್ಲಿ ಎಲೆಗಳ ಸಮೇತ ಇಡೀ ಗರಿಯೇ ಕಳಚಿ ಬೀಳುತ್ತದೆ. ಇನ್ನೊಂದು, ಬೇಸಿಗೆ ಮುಂದುವರಿದಂತೆ ಕಂದುಗೆಂಪು ತೊಗಟೆ ಕಟ್ಟಿಕೊಳ್ಳುವ ನಿಜವಾದ ಕಡ್ಡಿ. ಇದರ ಎಲೆಗಳು ಸುರುಳಿಯಾಗಿ ಸುತ್ತಲೂ ಬಂದಿರುತ್ತವೆ, ಬುಡದ ಬಳಿ ಬೆರಳಾಡಿಸಿದರೆ ಗುಂಡಗಿನ ಪುಟ್ಟ ಕಣ್ಣುಗಳು ತಾಕುತ್ತವೆ, ಚಳಿಗಾಲದಲ್ಲಿ ಇದು ಮರದ ಮೇಲೆ ಉಳಿಯುತ್ತದೆ. ಬೇಸಿಗೆಯ ದಟ್ಟ ಹಸಿರನ್ನು ಕಂಡು ಕವಲುಗಳು ಸಾಕಷ್ಟಿವೆ ಎಂದುಕೊಂಡರೆ ಎಲೆ ಉದುರಿದ ಮೇಲೆ ಬರಿಯ ನಾಲ್ಕಾರು ಕಡ್ಡಿಗಳು ಕಾಣುತ್ತವೆ. ಆದ್ದರಿಂದ ಕತ್ತರಿ ಯಾವಾಗಲೂ ತೊಗಟೆ ಕಟ್ಟಿದ ಕಡ್ಡಿಯ ಮೇಲೆ, ಬೇಕಾದ ದಿಕ್ಕಿಗೆ ಮುಖ ಮಾಡಿದ ಕಣ್ಣಿನ ತುಸು ಮುಂದೆ ಬೀಳಬೇಕು.

ರೂಪ ನಿರ್ಧರಿಸುವ ದೊಡ್ಡ ಸವರುವಿಕೆಗೆ ಚಳಿಗಾಲದ ಕೊನೆಯೇ ಶ್ರೇಷ್ಠ. ಎಲೆಯ ಮರೆಯಿಲ್ಲದೆ ಪ್ರತಿಯೊಂದು ಗೆರೆಯೂ ಆಗ ಕಾಣುತ್ತದೆ, ಗಾಯವಾದ ಕೆಲವೇ ವಾರಗಳಲ್ಲಿ ಬೆಳವಣಿಗೆ ಶುರುವಾಗುತ್ತದೆ. ಮೊದಲು ಸತ್ತ ಕಡ್ಡಿಗಳನ್ನು ತೆಗೆಯಬೇಕು. ಉಗುರಿನಿಂದ ಗೀರಿದಾಗ ಹಸಿರು ಕಾಣದಿದ್ದರೆ ಅದು ಸತ್ತಿದೆ. ಆಮೇಲೆ ರೆಂಬೆಯ ಅಡಿಯಿಂದ ನೇರ ಕೆಳಕ್ಕೆ ತೂಗುವುದನ್ನು, ಕವಲಿನ ಸಂದಿನಿಂದ ನೇರ ಮೇಲಕ್ಕೆ ನುಗ್ಗುವುದನ್ನು, ಒಂದರ ಮೇಲೊಂದು ಹಾಯುವುದನ್ನು ತೆಗೆದು, ಉಳಿದವನ್ನು ಎರಡು ಕಣ್ಣುಗಳಿಗೆ ಗಿಡ್ಡಗೊಳಿಸಬೇಕು. ಈ ನೇರ ಮೇಲಕ್ಕೆ ನುಗ್ಗುವ ಚಿಗುರುಗಳು ಪ್ರತಿ ಬೇಸಿಗೆಯಲ್ಲೂ ಮರಳಿ ಬರುತ್ತವೆ. ಎರಡು ವಾರಕ್ಕೊಮ್ಮೆಯಾದರೂ ಅವನ್ನು ಎಳೆಯದಾಗಿಯೇ ಕೀಳುವವರ ಮರದಲ್ಲಿ ರೆಂಬೆಯ ಬುಡ ಊದಿಕೊಳ್ಳುವುದಿಲ್ಲ.

ತಂತಿ ಸುತ್ತುವುದು

ಎಳೆಯ ರೆಂಬೆ ಹದಿನೈದರಿಂದ ಇಪ್ಪತ್ತು ಸೆಂಟಿಮೀಟರ್ ಆದಾಗ, ಬುಡ ಇನ್ನೂ ಬಳುಕುವಾಗ ತಂತಿ ಸುತ್ತಬೇಕು. ಅಲ್ಯೂಮಿನಿಯಂ ತಂತಿ ರೆಂಬೆಯ ದಪ್ಪದ ಮೂರನೇ ಒಂದು ಪಾಲಿನಷ್ಟಿದ್ದು, ಸುತ್ತುಗಳು 45 ಡಿಗ್ರಿ ಓರೆಯಲ್ಲಿರಲಿ. ಒಂದೇ ತಂತಿಯ ಎರಡು ತುದಿಗಳನ್ನು ಹತ್ತಿರದ ಎರಡು ರೆಂಬೆಗಳಿಗೆ ಬಳಸಿ, ನಡುವೆ ಕಾಂಡಕ್ಕೆ ಒಂದು ಸುತ್ತು ಹಾಕಿದರೆ ಹಿಡಿತ ಭದ್ರವಾಗುತ್ತದೆ.

ಬಗ್ಗಿಸುವಾಗ ಅಪಾಯ ಇರುವುದು ರೆಂಬೆಯ ನಡುವೆ ಅಲ್ಲ, ಅದು ಕಾಂಡಕ್ಕೆ ಕೂಡುವ ಕಂಕುಳಲ್ಲಿ. ಮೊದಲ ವರ್ಷದ ಚಿಗುರು ಹಳೆಯ ಕಾಂಡಕ್ಕೆ ತೆಳುವಾಗಿ ಅಂಟಿಕೊಂಡಿರುತ್ತದೆ. ಒಂದು ಕೈಯ ಹೆಬ್ಬೆರಳನ್ನು ಕಂಕುಳಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ನಿಧಾನವಾಗಿ ಇಳಿಸಬೇಕು. ಕಂಕುಳಲ್ಲಿ ತೊಗಟೆ ಬಿಗಿಯಾಗಿ ಬೆಳ್ಳಗಾದರೆ ಅಲ್ಲಿಗೆ ನಿಲ್ಲಿಸಿ, ಉಳಿದ ಬಾಗನ್ನು ಎರಡು ವಾರದ ನಂತರ ಕೊಡಬೇಕು. ಬಾಗು ಕಾಂಡಕ್ಕೆ ತಾಗಿದ ಜಾಗದಿಂದಲೇ ಆರಂಭವಾದರೆ ಮಾತ್ರ ವಯಸ್ಸಾದ ರೆಂಬೆಯ ಭಾವ ಬರುತ್ತದೆ. ಒಂದು ಬೆರಳಿನಷ್ಟು ಮೇಲೆದ್ದು ಆಮೇಲೆ ಕೆಳಗಿಳಿದ ರೆಂಬೆ ಎಳೆಯ ಮರದ್ದಾಗಿ ಕಾಣುತ್ತದೆ. ರೆಂಬೆಯನ್ನೆಲ್ಲ ಕೆಳಗಿಳಿಸಿದ ಮೇಲೆ ಅದರ ಕೊನೆಯನ್ನು ಮಾತ್ರ ತುಸು ಮೇಲಕ್ಕೆ ಎತ್ತಿಡಬೇಕು, ಏಕೆಂದರೆ ಕೊನೆಯೂ ಕೆಳಮುಖವಾದ ರೆಂಬೆಗೆ ಮರ ಶಕ್ತಿ ಹರಿಸುವುದನ್ನು ಕಡಿಮೆ ಮಾಡುತ್ತದೆ.

ಈ ಮರ ಬೇಸಿಗೆಯಲ್ಲಿ ಬೇಗ ದಪ್ಪವಾಗುವುದರಿಂದ ತಂತಿ ಮೂರು ನಾಲ್ಕು ವಾರಗಳಲ್ಲೇ ತೊಗಟೆಗೆ ಕಚ್ಚಬಹುದು. ವಾರಕ್ಕೊಮ್ಮೆ ನೋಡಿ, ಕಚ್ಚುವ ಸೂಚನೆ ಕಂಡ ಕೂಡಲೇ ತಂತಿಯನ್ನು ಬಿಚ್ಚದೆ ತುಂಡುತುಂಡಾಗಿ ಕತ್ತರಿಸಿ ತೆಗೆಯಬೇಕು. ಬಿಚ್ಚಲು ಹೋದರೆ ತೊಗಟೆ ಸುಲಿಯುತ್ತದೆ. ತೆಗೆದ ಮೇಲೆ ರೆಂಬೆ ಮೇಲೆದ್ದರೆ ಹಿಂದಿನ ಗುರುತಿನ ಮೇಲೆ ಬೀಳದಂತೆ ಮತ್ತೆ ಸುತ್ತಬೇಕು. ಒಂದೇ ರೆಂಬೆಗೆ ಮೂರು ನಾಲ್ಕು ಸಲ ತಂತಿ ಹಿಡಿಸಬೇಕಾಗಿ ಬಂದರೆ ಅದರಲ್ಲಿ ಅಸಹಜವಾದುದೇನೂ ಇಲ್ಲ. ದಪ್ಪವಾದ ರೆಂಬೆಗಳಿಗೆ ಸುತ್ತುವ ಬದಲು, ರಬ್ಬರ್ ಪಟ್ಟಿಯ ಮೇಲಿಂದ ತಂತಿ ಹಾಯಿಸಿ ತೊಟ್ಟಿಯ ಅಂಚಿಗೆ ಬಿಗಿದು ಕಟ್ಟುವುದು ಮೇಲು.

ಚಪ್ಪಟೆ ನೆತ್ತಿಯ ರೂಪ

ಮುಪ್ಪಿನ ಸೈಪ್ರೆಸ್‌ನ ಚಪ್ಪಟೆ ನೆತ್ತಿಯನ್ನು ಬೋನ್ಸಾಯ್ ಶೈಲಿಯಾಗಿ ನೆಲೆಗೊಳಿಸಿದ ಕೀರ್ತಿ ನ್ಯೂ ಆರ್ಲಿಯನ್ಸ್‌ನ ಬೋನ್ಸಾಯ್ ಕಲಾವಿದ ವಾನ್ ಬ್ಯಾಂಟಿಂಗ್ ಅವರದು. ಬೇರೆ ಮರಗಳಿಗಾಗಿ ಹುಟ್ಟಿದ ಶೈಲಿಗಳನ್ನು ಇದರ ಮೇಲೆ ಹೇರುವ ಬದಲು, ಜೌಗಿನಲ್ಲಿ ನಿಂತ ಹಳೆಯ ಮರಗಳನ್ನೇ ನೋಡಿ ರೂಪ ಹುಡುಕಿದ್ದು ನನಗೆ ಅತ್ಯಂತ ಗೌರವದ ಕೆಲಸವಾಗಿ ತೋರುತ್ತದೆ.

ಈ ರೂಪಕ್ಕೆ ಕಾಂಡ ಎತ್ತರವಾಗಿರಬೇಕು: ಬುಡದ ದಪ್ಪದ ಹತ್ತರಿಂದ ಹನ್ನೆರಡು ಪಟ್ಟು. ಕುಳ್ಳಗೆ ಕೊಯ್ದ ದಪ್ಪ ಕಾಂಡಕ್ಕೆ ಚಪ್ಪಟೆ ನೆತ್ತಿ ಒಪ್ಪುವುದಿಲ್ಲ. ಕೆಳಗಿನ ಮೂರನೇ ಎರಡು ಭಾಗ ಹೆಚ್ಚುಕಡಿಮೆ ಬರಿದಾಗಿದ್ದು, ಅಲ್ಲಲ್ಲಿ ಎರಡು ಮೂರು ಗಿಡ್ಡ, ಸಪೂರ ರೆಂಬೆಗಳು ಕೆಳಕ್ಕೆ ಇಳಿಬಿದ್ದು ತುದಿಯಲ್ಲಿ ಮಾತ್ರ ತಲೆಯೆತ್ತಿದ್ದರೆ ಸಾಕು. ಇವು ದಪ್ಪವಾಗಕೂಡದು, ದಪ್ಪವಾದ ವರ್ಷ ಕಿತ್ತು, ಅದೇ ಆಸುಪಾಸಿನ ಹೊಸ ಚಿಗುರನ್ನು ಬೆಳೆಸಬೇಕು.

ನೆತ್ತಿಯ ಕೆಲಸ ತುದಿಚಿಗುರನ್ನು ಒಂದೆರಡು ಸುತ್ತು ಬೆಳೆಸಿ ಕಡಿದ ಮೇಲೆ ಆರಂಭವಾಗುತ್ತದೆ. ಕೊನೆಯ ಕೊಯ್ತದ ಕೆಳಗಿಂದ ಹೊರಟ ಚಿಗುರುಗಳಲ್ಲಿ ಎರಡು ಅಥವಾ ಮೂರನ್ನು ಆರಿಸಿ, ಅವನ್ನು ಹೊರಕ್ಕೂ ಮೇಲಕ್ಕೂ ಓರೆಯಾಗಿ ಚಾಚುವಂತೆ ತಂತಿಯಿಂದ ನಿಲ್ಲಿಸಬೇಕು. ಇಲ್ಲಿ ರೆಂಬೆ ಕೆಳಕ್ಕೆ ಬಾಗಬಾರದು. ಎಲ್ಲ ಬೋನ್ಸಾಯ್ ಪಾಠಗಳಲ್ಲೂ ಕಲಿತದ್ದಕ್ಕೆ ಇದು ವಿರುದ್ಧವಾದ್ದರಿಂದ ಕೈ ತಾನಾಗಿ ಕೆಳಕ್ಕೆ ಒತ್ತುತ್ತದೆ, ಅದನ್ನು ತಡೆಯಬೇಕು. ಆರಿಸಿದ ಕವಲುಗಳು ಸಮಾನ ಉದ್ದವಾಗಿರದೆ ಒಂದು ಬದಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಚಾಚಲಿ. ಅವುಗಳ ಉಪಕವಲುಗಳು ಬಿಚ್ಚಿದ ಕೊಡೆಯ ಕಡ್ಡಿಗಳಂತೆ ಹರಡಿಕೊಂಡು, ಪ್ರತಿಯೊಂದೂ ತನ್ನ ಕೊನೆಯಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟವನ್ನು ಮುಟ್ಟಿದಾಗ ನೆತ್ತಿ ರೂಪುಗೊಳ್ಳುತ್ತದೆ. ಮಟ್ಟವೆಂದರೆ ಕತ್ತರಿಯಿಂದ ಬೇಲಿ ಸಮಗೊಳಿಸಿದಷ್ಟು ಚಪ್ಪಟೆಯಲ್ಲ. ನಡುವೆ ತುಸು ಉಬ್ಬಿ, ಅಂಚಿನಲ್ಲಿ ಅಲ್ಲಲ್ಲಿ ಆಕಾಶ ಕಾಣುವ ಕಿಂಡಿಗಳಿರಬೇಕು.

ಒಮ್ಮೆ ರೂಪುಗೊಂಡ ನೆತ್ತಿಯನ್ನು ಉಳಿಸಿಕೊಳ್ಳುವುದೇ ಕಷ್ಟದ ಭಾಗ. ಮರ ಪ್ರತಿ ವಸಂತದಲ್ಲೂ ಒಂದು ಹೊಸ ಚೂಪು ತುದಿಯನ್ನು ಹುಟ್ಟಿಸಲು ಹೊರಡುತ್ತದೆ. ನೆತ್ತಿಯ ನಡುವಿನಿಂದ ನೆಟ್ಟಗೆ ಏಳುವ ಚಿಗುರನ್ನು ಒಂದು ತಿಂಗಳು ಮರೆತರೂ ಪಕ್ಕದ ಕವಲುಗಳು ಸೊರಗತೊಡಗುತ್ತವೆ.

ಬೇಸಿಗೆಯ ನಡುವೆ ಎಲೆ ತೆಗೆಯುವುದು

ಕವಲು ದಟ್ಟವಾಗಿಸಲು, ಎಲೆ ಚಿಕ್ಕದಾಗಿಸಲು ಅಮೆರಿಕದ ಬೇಸಿಗೆಯ ನಡುವೆ, ಅಂದರೆ ಜೂನ್ ಕೊನೆ ಅಥವಾ ಜುಲೈ ಮೊದಲ ಭಾಗದಲ್ಲಿ, ಗರಿಗಳನ್ನೆಲ್ಲ ಕೈಯಿಂದ ತೆಗೆಯುವ ಪದ್ಧತಿಯಿದೆ. ಕಡ್ಡಿಯ ಬುಡದಿಂದ ತುದಿಯ ಕಡೆಗೆ ಎಳೆದರೆ ಗರಿಗಳು ಚಿಗುರುಕಣ್ಣಿಗೆ ನೋವಾಗದೆ ಕಳಚುತ್ತವೆ. ವಿರುದ್ಧ ದಿಕ್ಕಿಗೆ ಎಳೆದರೆ ತೊಗಟೆ ಹರಿಯುತ್ತದೆ. ಬೆಳೆಯುತ್ತಿರುವ ತುದಿಗಳನ್ನೂ ಆಗಲೇ ಕತ್ತರಿಸಬೇಕು. ಎರಡು ಮೂರು ವಾರಗಳಲ್ಲಿ ಹೊಸ ಹಸಿರು ಬರುತ್ತದೆ. ರೆಂಬೆಗಳ ಅಸ್ಥಿಪಂಜರ ತಯಾರಾಗಿ, ಬಲವಾಗಿ ಬೆಳೆಯುತ್ತಿರುವ ಮರಕ್ಕೆ ಮಾತ್ರ ಇದು ಸಲ್ಲುತ್ತದೆ. ಎತ್ತಿ ತಂದ ಮೊದಲ ವರ್ಷಗಳಲ್ಲಿ, ಕುಂಡ ಬದಲಿಸಿದ ವರ್ಷದಲ್ಲಿ, ದಪ್ಪ ಬರಿಸುತ್ತಿರುವ ರೆಂಬೆಗಳ ಮೇಲೆ ಇದನ್ನು ಮಾಡಿದರೆ ವರ್ಷದ ಬೆಳವಣಿಗೆಯನ್ನೇ ಕೈಯಾರೆ ನಿಲ್ಲಿಸಿದಂತೆ. ಕೆಳಗಿನ ರೆಂಬೆಗಳು ಬಡವಾಗಿದ್ದರೆ ಮೇಲ್ಭಾಗದ ಎಲೆಗಳನ್ನಷ್ಟೇ ತೆಗೆಯುವುದು ಜಾಣತನ.

ನೀರು, ಗೊಬ್ಬರ, ಕುಂಡ

ಇಷ್ಟೆಲ್ಲ ಕತ್ತರಿ ಪೆಟ್ಟಿಗೆ ಮರ ಉತ್ತರ ಕೊಡಬೇಕಾದರೆ ಇಡೀ ದಿನದ ಬಿಸಿಲು ಮತ್ತು ಧಾರಾಳ ನೀರು ಬೇಕು. ಬೇಸಿಗೆಯಲ್ಲಿ ತೊಟ್ಟಿಯನ್ನು ಕೆಲವು ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿ ನಿಲ್ಲಿಸಿದರೂ ಈ ಮರಕ್ಕೆ ತೊಂದರೆಯಿಲ್ಲ. ಒಂದು ದಿನ ಪೂರ್ತಿ ಒಣಗಿದರೆ ಮಾತ್ರ ಎಳೆಯ ರೆಂಬೆಗಳು ಕಂದುಬಣ್ಣಕ್ಕೆ ತಿರುಗುತ್ತವೆ. ದಪ್ಪ ಬರಿಸುವ ವರ್ಷಗಳಲ್ಲಿ ಸಾರಜನಕ ಹೆಚ್ಚಿರುವ ಗೊಬ್ಬರವನ್ನು ನಿಯಮಿತವಾಗಿ ಕೊಡಬೇಕು; ಕವಲು ನಯಗೊಳಿಸುವ ಹಂತಕ್ಕೆ ಬಂದಾಗ ಅದನ್ನು ಇಳಿಸಬೇಕು. ಬಿಸಿಯ ಒಣ ದಿನಗಳಲ್ಲಿ ಎಲೆಗಳು ಮಂಕಾಗಿ ಕಂಚಿನ ಬಣ್ಣಕ್ಕೆ ತಿರುಗಿದರೆ ಜೇಡನುಸಿಯನ್ನು ಶಂಕಿಸಬೇಕು: ಎಲೆಗಳ ಕೆಳಗೆ ಬಿಳಿ ಕಾಗದ ಹಿಡಿದು ರೆಂಬೆಯನ್ನು ತಟ್ಟಿದರೆ ಹರಿದಾಡುವ ಚುಕ್ಕೆಗಳು ಬೀಳುತ್ತವೆ. ಎಲೆಗಳ ಅಡಿಗೆ ರಭಸವಾಗಿ ನೀರು ಸಿಂಪಡಿಸುತ್ತ ಬಂದರೆ ಅವು ಬಹಳ ಮಟ್ಟಿಗೆ ಹತೋಟಿಗೆ ಬರುತ್ತವೆ.

ಬೇರು ತೊಟ್ಟಿ ತುಂಬುವ ವೇಗವೂ ಹೆಚ್ಚು. ಎಳೆಯ, ಬಲವಾದ ಮರಕ್ಕೆ ಒಂದೆರಡು ವರ್ಷಕ್ಕೊಮ್ಮೆ, ರೂಪುಗೊಂಡ ಮರಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಚಳಿಗಾಲದ ಕೊನೆಯಲ್ಲಿ ಮಣ್ಣು ಬದಲಿಸಿ, ಅಡಿಯ ಬೇರುಗಳನ್ನು ಮಟ್ಟವಾಗಿ ಸವರಬೇಕು. ಆಳವಿಲ್ಲದ ಬೋನ್ಸಾಯ್ ಕುಂಡಕ್ಕೆ ಇಳಿಸಿದ ದಿನದಿಂದ ದಪ್ಪ ಬರುವುದು ಬಹುತೇಕ ನಿಲ್ಲುತ್ತದೆ. ಆದ್ದರಿಂದ ತುದಿಯ ಇಳಿತ ಮುಗಿದು, ಕೆಳಗಿನ ರೆಂಬೆಗಳು ಬೇಕಾದಷ್ಟು ದಪ್ಪವಾದ ಮೇಲೆಯೇ ಅದಕ್ಕೆ ಕೈಹಾಕಬೇಕು. ನೆಲದಲ್ಲಿ ನಿಂತ ಬಾಲ್ಡ್ ಸೈಪ್ರೆಸ್ ಕಡು ಚಳಿಯನ್ನೂ ತಾಳುತ್ತದೆ, ಕುಂಡದೊಳಗಿನ ಬೇರಿಗೆ ಅಷ್ಟು ತಾಳಿಕೆಯಿಲ್ಲ. ಹಿಮಗಟ್ಟುವ ಚಳಿಯಿರುವ ಕಡೆ ಎಲೆ ಉದುರಿದ ಮೇಲೆ ಕುಂಡವನ್ನು ನೆಲದ ಮೇಲಿಟ್ಟು, ಸುತ್ತ ತೊಗಟೆಚೂರು ಅಥವಾ ಒಣ ಎಲೆಗಳನ್ನು ಅಂಚು ಮುಚ್ಚುವವರೆಗೆ ಪೇರಿಸಿ, ಮಣ್ಣು ಪೂರ್ತಿ ಒಣಗದಂತೆ ನೋಡಿಕೊಂಡರೆ ಸಾಕು. ಬೆಚ್ಚನೆಯ ಕೋಣೆಯೊಳಗೆ ತಂದರೆ ಅದಕ್ಕೆ ಬೇಕಾದ ಚಳಿಗಾಲದ ವಿಶ್ರಾಂತಿ ತಪ್ಪಿ, ವಸಂತದ ಚಿಗುರು ಬಡವಾಗುತ್ತದೆ.